ಮೊದಲ ಸಲ ಕೇಳಿದಾಗ ಏನು ಹೇಳಿದ್ದಿರಿ?

"ನನಗೆ ಚೆನ್ನಾಗಿ ನೆನಪಿದೆ. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ."

ಯಾರಾದರೂ ಹೀಗೆ ಗಟ್ಟಿಯಾಗಿ ಹೇಳಿದರೆ ನಾವು ನಂಬಿಬಿಡುತ್ತೇವೆ. "ಹೌದು ಅನಿಸುತ್ತೆ, ಸರಿಯಾಗಿ ಗೊತ್ತಿಲ್ಲ" ಅಂದವರ ಮಾತಿಗೆ ಬೆಲೆ ಕಡಿಮೆ. ಮನೆಯ ಜಗಳದಲ್ಲೂ ಹೀಗೆ, ಕೋರ್ಟಿನಲ್ಲೂ ಹೀಗೆ. ಈ ಅಳತೆಗೋಲೇ ಸರಿಯಿಲ್ಲ ಅಂತ ನನ್ನ ವಾದ. ಇವತ್ತು ಒಬ್ಬರು ಎಷ್ಟು ಖಡಾಖಂಡಿತವಾಗಿ ಮಾತಾಡುತ್ತಿದ್ದಾರೆ ಅನ್ನುವುದಕ್ಕಿಂತ, ಮೊಟ್ಟಮೊದಲು ಕೇಳಿದಾಗ ಏನು ಹೇಳಿದ್ದರು ಅನ್ನುವುದನ್ನು ನೋಡಬೇಕು.

ಯಾಕೆ ಅಂತ ಹೇಳುತ್ತೇನೆ.

1984. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಬರ್ಲಿಂಗ್ಟನ್. ಜೆನ್ನಿಫರ್ ಥಾಂಪ್ಸನ್ ಎಂಬ 22 ವರ್ಷದ ಕಾಲೇಜು ವಿದ್ಯಾರ್ಥಿನಿಯ ಮನೆಗೆ ನುಗ್ಗಿದ ಒಬ್ಬ ಆಕೆಯ ಮೇಲೆ ಅತ್ಯಾಚಾರ ಮಾಡುತ್ತಾನೆ. ಬದುಕಿ ಉಳಿದರೆ ಇವನನ್ನು ಹಿಡಿದುಕೊಡಲೇಬೇಕು ಅಂತ ಆಕೆ ಬೇಕಂತಲೇ ಅವನ ಮುಖವನ್ನು ಗಮನವಿಟ್ಟು ನೋಡುತ್ತಾರೆ. ಪೊಲೀಸರು ಕೆಲವು ಫೋಟೋಗಳನ್ನು ಮುಂದಿಟ್ಟಾಗ ಹಲವು ನಿಮಿಷ ಯೋಚಿಸಿ, ಕೊನೆಗೆ ಒಂದನ್ನು ತೋರಿಸುತ್ತಾರೆ. ಅದು ರೊನಾಲ್ಡ್ ಕಾಟನ್ ಎಂಬ ಯುವಕನ ಫೋಟೋ. ಆಮೇಲೆ ಕೆಲವರನ್ನು ಸಾಲಾಗಿ ನಿಲ್ಲಿಸಿ ಗುರುತು ಹಿಡಿಯಲು ಹೇಳುತ್ತಾರೆ. ಅಲ್ಲೂ ಆಕೆ ಕಾಟನ್‌ನನ್ನೇ ತೋರಿಸುತ್ತಾರೆ. ಫೋಟೋದಲ್ಲಿ ನೀವು ತೋರಿಸಿದ್ದೂ ಇವನನ್ನೇ ಅಂತ ಪೊಲೀಸರು ಆಕೆಗೆ ತಿಳಿಸುತ್ತಾರೆ.

1985ರಲ್ಲಿ ಕೋರ್ಟಿಗೆ ಬರುವ ಹೊತ್ತಿಗೆ ಆಕೆಗೆ ಒಂಚೂರೂ ಅನುಮಾನ ಇರಲಿಲ್ಲ. ಕಾಟನ್‌ಗೆ ಶಿಕ್ಷೆ ಆಯಿತು. 1987ರಲ್ಲಿ ಎರಡನೇ ವಿಚಾರಣೆ ನಡೆದಾಗ ಬಾಬಿ ಪೂಲ್ ಎಂಬುವನನ್ನು ಆಕೆಯ ಎದುರೇ ತಂದು ನಿಲ್ಲಿಸಿದರು. ಆಕೆಗೆ ಗುರುತೇ ಸಿಗಲಿಲ್ಲ. 1995ರ ಡಿಎನ್‌ಎ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವನು ಅದೇ ಪೂಲ್. ಅಷ್ಟರಲ್ಲಿ ಕಾಟನ್ 10 ವರ್ಷಕ್ಕೂ ಜಾಸ್ತಿ ಜೈಲಿನಲ್ಲಿ ಕಳೆದಾಗಿತ್ತು. ಮುಂದೆ ಜೆನ್ನಿಫರ್ ಮತ್ತು ಕಾಟನ್ ಭೇಟಿಯಾದರು. ಇಂಥದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಒಟ್ಟಿಗೆ ಊರೂರಿಗೆ ಹೋಗಿ ಮಾತಾಡಿದರು. ಅವರಿಬ್ಬರ ಮೇಲೆ ನನಗೆ ಅಪಾರ ಗೌರವ ಇದೆ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಹೇಳಿಕೆ ತಪ್ಪಾದ ಕೂಡಲೇ ಹೇಳಿದವರು ಕೆಟ್ಟವರು ಅಂತ ತೀರ್ಮಾನಿಸುವ ಅಭ್ಯಾಸ ನಮಗಿದೆ. ನನ್ನನ್ನು ಕಾಡುವ ಪ್ರಶ್ನೆಯೇ ಬೇರೆ. ಫೋಟೋಗಳ ಮುಂದೆ ಆಕೆ ತಡವರಿಸಿದ್ದರಲ್ಲ, ಆ ತಡವರಿಕೆ ಎಲ್ಲಿ ಹೋಯಿತು?

1998ರಲ್ಲಿ ಗ್ಯಾರಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಎಂಬ ಸಂಶೋಧಕರು ಇದಕ್ಕೆ ಉತ್ತರ ಕೊಡುವಂಥ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಅಂಗಡಿಯೊಂದರ ಸೆಕ್ಯೂರಿಟಿ ಕ್ಯಾಮೆರಾದ ವಿಡಿಯೊ ತೋರಿಸಿದರು. ಅದರಲ್ಲಿ ಬಂದೂಕುಧಾರಿಯೊಬ್ಬ ಇದ್ದ. ಆಮೇಲೆ ಫೋಟೋಗಳನ್ನು ಕೊಟ್ಟು ಅವನನ್ನು ಗುರುತಿಸಿ ಅಂದರು. ನಿಜವಾದವನ ಫೋಟೋ ಅದರಲ್ಲಿ ಇರಲೇ ಇಲ್ಲ. ಆದರೂ ಎಲ್ಲರೂ ಯಾರನ್ನೋ ಒಬ್ಬರನ್ನು ತೋರಿಸಿದರು. ಅಂದರೆ ಎಲ್ಲರ ಉತ್ತರವೂ ತಪ್ಪು. ಕೆಲವರಿಗೆ ಮಾತ್ರ ಸುಮ್ನೆ ಒಂದು ಮಾತು ಹೇಳಿದರು: ಒಳ್ಳೆಯದು, ನೀವು ಸರಿಯಾದವನನ್ನೇ ಗುರುತಿಸಿದ್ದೀರಿ.

ಅಷ್ಟೇ ಸಾಕಾಯಿತು. ಆರಿಸುವಾಗ ನಿಮಗೆ ಎಷ್ಟು ಖಾತ್ರಿ ಇತ್ತು ಅಂತ ಆಮೇಲೆ ಕೇಳಿದಾಗ, ಶಹಬ್ಬಾಸ್ ಅನಿಸಿಕೊಂಡವರು ಉಳಿದವರಿಗಿಂತ ಜಾಸ್ತಿ ಖಾತ್ರಿ ಇತ್ತು ಅಂದರು. ಅವನ ಮುಖ ಚೆನ್ನಾಗಿ ಕಂಡಿತ್ತು ಅಂದರು. ಗಮನವಿಟ್ಟು ನೋಡಿದ್ದೆವು ಅಂದರು. ನೋಡಿದ್ದು ಮಾತ್ರ ಎಲ್ಲರೂ ಅದೇ ವಿಡಿಯೊ. ಗಮನಿಸಿ, ಇಲ್ಲಿ ಅವರ ಧೈರ್ಯ ಹೆಚ್ಚಿದ್ದಷ್ಟೇ ಆಗಿಲ್ಲ. ಮೊದಲು ಅನುಮಾನ ಇತ್ತು ಅನ್ನುವ ನೆನಪೇ ಮಾಸಿದೆ. ಹೀಗಿರುವಾಗ "ಆಗ ನಿಮಗೆ ಅನುಮಾನ ಇತ್ತಾ?" ಅಂತ ತಿಂಗಳುಗಳ ನಂತರ ಕೋರ್ಟಿನಲ್ಲಿ ಕೇಳಿ ಏನು ಪ್ರಯೋಜನ? ಅವರು ಪ್ರಾಮಾಣಿಕವಾಗಿಯೇ ಇಲ್ಲ ಅನ್ನುತ್ತಾರೆ.

ಪೊಲೀಸು, ಕೋರ್ಟು ಇಲ್ಲದ ಕಡೆಯೂ ಇದು ನಡೆಯುತ್ತದೆ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಆಕಾಶದಲ್ಲೇ ಒಡೆದುಹೋಗಿ ಏಳು ಜನ ಸತ್ತರು. ಮರುದಿನ ಬೆಳಿಗ್ಗೆಯೇ ಉಲ್ರಿಕ್ ನೈಸರ್ ಎಂಬ ಮನೋವಿಜ್ಞಾನಿ ವಿದ್ಯಾರ್ಥಿಗಳಿಂದ ಬರೆಸಿಕೊಂಡರು: ಸುದ್ದಿ ಹೇಗೆ ತಿಳಿಯಿತು, ಎಲ್ಲಿದ್ದಿರಿ, ಜೊತೆಗೆ ಯಾರಿದ್ದರು. ಎರಡೂವರೆ ವರ್ಷದ ನಂತರ ಅವರಲ್ಲಿ 44 ಜನರನ್ನು ಮತ್ತೆ ಅದೇ ಪ್ರಶ್ನೆ ಕೇಳಿದರು. ಸುಮಾರು ಕಾಲು ಭಾಗದಷ್ಟು ಜನರ ಉತ್ತರ ಮೊದಲು ಬರೆದದ್ದಕ್ಕೆ ಒಂದು ಅಂಶದಲ್ಲೂ ಹೊಂದಲಿಲ್ಲ. ತಪ್ಪಾಗಿ ಹೇಳಿದವರಲ್ಲೂ ಎಷ್ಟೋ ಜನರಿಗೆ ಪೂರ್ತಿ ವಿಶ್ವಾಸ. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ವಾಪಸ್ ಬರಲಿಲ್ಲ. ಬರೆದಿಟ್ಟ ಆ ಹಾಳೆ ಇಲ್ಲದಿದ್ದರೆ ತಪ್ಪಾಗಿದೆ ಅಂತ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ, ಅಲ್ವಾ?

ನಮ್ಮ ಅಂದಾಜುಗಳ ಕಥೆಯೂ ಇದೇ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾಕ್ಕೂ ರಷ್ಯಾಕ್ಕೂ ಹೊರಟಿದ್ದರು. ಅಲ್ಲಿ ಏನೇನು ಆಗಬಹುದು, ಎಷ್ಟರ ಮಟ್ಟಿಗೆ ಸಾಧ್ಯ ಅಂತ ಬಾರುಕ್ ಫಿಶ್‌ಹಾಫ್ ಮತ್ತು ರೂತ್ ಬೆಯ್ತ್ ಜನರಿಂದ ಮೊದಲೇ ಬರೆಸಿಕೊಂಡಿದ್ದರು. ಪ್ರವಾಸ ಮುಗಿದ ಮೇಲೆ, ನೀವು ಆಗ ಏನು ಬರೆದಿದ್ದಿರಿ ಅಂತ ಕೇಳಿದರು. ನಿಜವಾಗಿ ನಡೆದ ಸಂಗತಿಗಳಿಗೆ ತಾವು ಕೊಟ್ಟಿದ್ದಕ್ಕಿಂತ ಹೆಚ್ಚು ಸಾಧ್ಯತೆ ಕೊಟ್ಟಿದ್ದಾಗಿ ಜನ ನೆನಪಿಸಿಕೊಂಡರು. "ನಾನು ಆಗಲೇ ಹೇಳಿರಲಿಲ್ವಾ?" ಅನ್ನುವವರು ಬಹಳಷ್ಟು ಸಲ ನಾಟಕ ಆಡುತ್ತಿರುವುದಿಲ್ಲ. ಹಾಗೆ ಹೇಳಿದ್ದೆ ಅಂತಲೇ ಅವರಿಗೆ ನೆನಪಿರುತ್ತದೆ. ಇದರ ಅಪಾಯ ಏನೆಂದರೆ, ಎಲ್ಲ ಮೊದಲೇ ಗೊತ್ತಿತ್ತು ಅಂದುಕೊಂಡವರಿಗೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ "ಹಾಗಾದರೆ ಮನುಷ್ಯರ ನೆನಪನ್ನು ನಂಬಲೇಬಾರದು" ಅನ್ನುವವರಿದ್ದಾರೆ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಈ ಮಾತಿನಿಂದ ಮೊದಲು ಪೆಟ್ಟು ತಿನ್ನುವವರು ಅನ್ಯಾಯಕ್ಕೆ ಒಳಗಾದವರು. ಹೇಳಿಕೆಯಲ್ಲಿ ಒಂದು ಬಣ್ಣವೋ ಒಂದು ಗಂಟೆಯೋ ಹೆಚ್ಚುಕಮ್ಮಿ ಆದರೆ ಸಾಕು, ಎಲ್ಲ ಕಟ್ಟುಕಥೆ ಅಂತ ತಳ್ಳಿಹಾಕಲು ಒಂದು ನೆಪ ಸಿಗುತ್ತದೆ. ಸಂಶೋಧನೆಯೂ ಹಾಗೆ ಹೇಳುವುದಿಲ್ಲ. ಜಾನ್ ವಿಕ್ಸ್‌ಟೆಡ್ ಜೊತೆ ಸೇರಿ ಅದೇ ಗ್ಯಾರಿ ವೆಲ್ಸ್ 2017ರಲ್ಲಿ ಈ ವಿಷಯದ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಮೊದಲ ಸಲ, ಯಾರೂ ಸುಳಿವು ಕೊಡದೆ, ಸರಿಯಾದ ಕ್ರಮದಲ್ಲಿ ಕೇಳಿದಾಗ ಸಾಕ್ಷಿ ತುಂಬಾ ಖಚಿತವಾಗಿ ಗುರುತಿಸಿದರೆ, ಅದು ನಿಜವಾಗುವ ಸಾಧ್ಯತೆ ಬಹಳ ಹೆಚ್ಚು. ಅಂದರೆ ನೆನಪಿಗೆ ಬೆಲೆ ಇದೆ. ಆ ಬೆಲೆ ಮೊದಲ ಹೇಳಿಕೆಯಲ್ಲಿದೆ. ನಾವು ಅದನ್ನು ಮುಟ್ಟಿ, ತಿದ್ದಿ, ಹೊಗಳಿ ಹಾಳು ಮಾಡುತ್ತೇವೆ.

ಇದಕ್ಕೆ ಪರಿಹಾರ ಇದೆ ಅನ್ನುವುದೇ ನನಗೆ ಸಮಾಧಾನ. ನಾರ್ತ್ ಕೆರೊಲಿನಾ 2007ರಲ್ಲಿ ಕಾನೂನನ್ನೇ ಬದಲಿಸಿತು. ಗುರುತು ಹಿಡಿಸುವ ಕೆಲಸವನ್ನು ಆ ತನಿಖೆಯಲ್ಲಿ ಇಲ್ಲದವರು ಮಾಡಬೇಕು. ಅಪರಾಧಿ ಇವರಲ್ಲಿ ಇರಬಹುದು, ಇಲ್ಲದೆಯೂ ಇರಬಹುದು ಅಂತ ಮೊದಲೇ ತಿಳಿಸಬೇಕು. ಎಷ್ಟು ಖಾತ್ರಿ ಇದೆ ಅನ್ನುವುದನ್ನು ಸಾಕ್ಷಿಯ ಸ್ವಂತ ಮಾತಿನಲ್ಲೇ ದಾಖಲಿಸಬೇಕು. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ. ಎಲ್ಲ ಕಡೆ ಇದು ಕಡ್ಡಾಯ ಆಗಬೇಕು.

ನಮ್ಮ ಮಟ್ಟದಲ್ಲೂ ಮಾಡುವುದಕ್ಕೆ ಇದೆ. ಅಪಘಾತ ನೋಡಿದಿರಾ? ಪಕ್ಕದವರ ಜೊತೆ ಮಾತಾಡುವ ಮೊದಲು ಫೋನಿನಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ. ಖಾತ್ರಿ ಇಲ್ಲದ್ದರ ಮುಂದೆ ಖಾತ್ರಿ ಇಲ್ಲ ಅಂತಲೇ ಬರೆಯಿರಿ. ಕೆಲಸ ಬಿಡುವಂಥ, ಸಾಲ ಮಾಡುವಂಥ ದೊಡ್ಡ ನಿರ್ಧಾರಕ್ಕೆ ಮುಂಚೆ ಏನಾಗಬಹುದು ಅಂದುಕೊಂಡಿದ್ದೀರಿ, ಯಾಕೆ ಅಂತ ತಾರೀಖು ಹಾಕಿ ಬರೆದಿಡಿ. ಹಳೆಯ ವಿಷಯಕ್ಕೆ ಇಬ್ಬರ ನಡುವೆ ವಾದ ಬಂದಾಗ, ಯಾರ ದನಿ ಜೋರು ಅಂತ ನೋಡಬೇಡಿ. ಆ ದಿನಗಳ ಮೆಸೇಜು, ಪತ್ರ, ಬಿಲ್ಲು ಹುಡುಕಿ.

ಮಕ್ಕಳ ವಿಷಯದಲ್ಲಂತೂ ಇನ್ನೂ ಹುಷಾರಾಗಿರಿ. ಅಳುತ್ತಾ ಬಂದ ಮಗುವನ್ನು "ಅವನೇ ತಾನೇ ಹೊಡೆದಿದ್ದು?" ಅಂತ ಕೇಳಿದರೆ ಉತ್ತರವನ್ನು ನೀವೇ ಕೊಟ್ಟ ಹಾಗೆ. "ಏನಾಯ್ತು ಹೇಳು" ಅಂತ ಕೇಳಿ. ಮಗು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ.