ತಮ್ಮನ ಮೈಯಲ್ಲಿ ಅಕ್ಕನ ರಕ್ತ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ತಮ್ಮನಿಗೆ ಆಗ 24 ವರ್ಷ. ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರೋಕೆ ಶುರುವಾಯಿತು. ಬ್ರಷ್ ಗಡುಸಾಗಿದೆ ಅಂತ ಅಮ್ಮ ಹೊಸದು ತಂದರು. ಆಮೇಲೆ ಪೆಟ್ಟೇ ಬೀಳದೆ ತೊಡೆಯ ಮೇಲೆ ನೇರಳೆಹಣ್ಣು ಒರೆಸಿದ ಹಾಗೆ ಕಲೆಗಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಕಡಿಮೆ ಇದೆ ಅಂತ ಒಂದು ಕಡೆ ಮೂರು ತಿಂಗಳು ಕಬ್ಬಿಣದ ಟಾನಿಕ್ ಕೊಟ್ಟರು. ನಾವೂ ನುಗ್ಗೆಸೊಪ್ಪು, ಬೀಟ್‌ರೂಟ್ ಅಂತ ತಿನ್ನಿಸಿದ್ದೇ ತಿನ್ನಿಸಿದ್ದು. ಕೊನೆಗೆ ಪ್ಲೇಟ್‌ಲೆಟ್ ಎಣಿಸಿದರೆ ಬರೀ 9,000. ಆರೋಗ್ಯವಾಗಿರುವವರಲ್ಲಿ ಅದು ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಇರುತ್ತದೆ.

ಡೆಂಗಿ ಬಂದಾಗ ಪ್ಲೇಟ್‌ಲೆಟ್ ಇಳಿಯೋದು ನಮಗೆಲ್ಲ ಗೊತ್ತು, ಅಲ್ವಾ? ಜ್ವರ ಬಿಟ್ಟ ಮೇಲೆ ಅದು ತಾನಾಗಿ ಏರುತ್ತದೆ. ಇವನದು ಏರಲಿಲ್ಲ. ರಕ್ತ ತಯಾರಾಗುವ ಜಾಗವೇ ಬರಿದಾಗಿತ್ತು. ಮೂಳೆಯೊಳಗಿನ ಮಜ್ಜೆಯಲ್ಲಿ ಸ್ಟೆಮ್ ಸೆಲ್‌ಗಳು ಇರುತ್ತವೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲಕ್ಕೂ ಅವೇ ಬೀಜ. ಎಪ್ಲಾಸ್ಟಿಕ್ ಅನೀಮಿಯಾ ಅನ್ನುವ ಈ ಕಾಯಿಲೆಯಲ್ಲಿ, ಹೆಚ್ಚಿನವರಲ್ಲಿ, ಮೈಯನ್ನು ಕಾಯಬೇಕಾದ ಪಡೆಯೇ ಆ ಬೀಜಗಳ ಮೇಲೆ ತಿರುಗಿ ಬೀಳುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೆ ತೀವ್ರವಾಗಿದ್ದರೆ, ಸುಮ್ನೆ ಬಿಟ್ಟರೆ ಜೀವ ತೆಗೆಯುತ್ತದೆ.

ಸುದ್ದಿ ತಿಳಿದ ಕೂಡಲೇ ಊರಿಂದ ಚಿಕ್ಕಪ್ಪ, ದೊಡ್ಡಮ್ಮನ ಮಕ್ಕಳು ಎಲ್ಲ ರಕ್ತ ಕೊಡೋಕೆ ಬಂದು ನಿಂತರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಮನೆಯವರ ರಕ್ತ ಇವನಿಗೆ ಬೇಡಮ್ಮ. ನಾಳೆ ಮಜ್ಜೆ ಕೊಡೋರು ನೀವೇ ಆಗಬಹುದು. ಈಗಲೇ ನಿಮ್ಮ ರಕ್ತ ಹೋದರೆ ಅವನ ಮೈ ನಿಮ್ಮನ್ನು ಗುರುತು ಹಿಡಿದು, ಆಮೇಲೆ ನಿಮ್ಮ ಮಜ್ಜೆಯನ್ನೂ ಹೊರಗೆ ಹಾಕಬಹುದು." ಈ ಮಾತನ್ನು ದಯವಿಟ್ಟು ನೆನಪಿಡಿ. ನೆಂಟರು ಹೊರಗಿನವರಿಗಾಗಿ ಬ್ಲಡ್ ಬ್ಯಾಂಕಿನಲ್ಲಿ ರಕ್ತ ಕೊಡಲಿ, ಅದು ಒಳ್ಳೆಯದೇ. ಆದರೆ ಮಜ್ಜೆ ಬದಲಿಸುವ ಸಾಧ್ಯತೆ ಇರುವ ರೋಗಿಗೆ ಒಡಹುಟ್ಟಿದವರದ್ದು, ಹೆತ್ತವರದ್ದು ಹೋಗಬಾರದು.

ಮತ್ತೆ ಹೊಂದಾಣಿಕೆಯ ಪರೀಕ್ಷೆ. ರಕ್ತದ ಗುಂಪು ಇಲ್ಲಿ ಮುಖ್ಯ ಅಲ್ಲ. ಎಚ್‌ಎಲ್‌ಎ ಅಂತ ಜೀವಕೋಶಗಳ ಮೇಲೆ ಇರುವ ಗುರುತು ಹೊಂದಬೇಕು. ಅದರಲ್ಲಿ ಅರ್ಧ ಅಪ್ಪನದು, ಅರ್ಧ ಅಮ್ಮನದು. ಹಾಗಾಗಿ ಒಬ್ಬ ಅಣ್ಣನೋ ತಂಗಿಯೋ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ನಮ್ಮ ಕಡೆ ಸೋದರಮಾವನನ್ನು, ಅತ್ತೆ ಮಗನನ್ನು ಮದುವೆಯಾಗುವ ಮನೆಗಳಲ್ಲಿ ಕೆಲವೊಮ್ಮೆ ಹತ್ತಿರದ ನೆಂಟರಲ್ಲೂ ಪೂರ್ತಿ ಹೊಂದುವವರು ಸಿಗುತ್ತಾರಂತೆ. ನಮ್ಮಲ್ಲಿ ತಂಗಿಯದು ಅರ್ಧ ಹೊಂದಿತು, ನನ್ನದು ಪೂರ್ತಿ. ವಯಸ್ಸು ಚಿಕ್ಕದು, ಪೂರ್ತಿ ಹೊಂದುವ ಅಕ್ಕ ಇದ್ದಾಳೆ, ಹಾಗಿದ್ದರೆ ಮಜ್ಜೆ ಬದಲಿಸುವುದೇ ಮೊದಲ ಚಿಕಿತ್ಸೆ, ಕಾಯುವುದು ಬೇಡ ಅಂದರು.

ನಮ್ಮ ಅಜ್ಜಿ ಮಾತ್ರ ಅತ್ತುಬಿಟ್ಟರು. ನನ್ನ ಬೆನ್ನುಮೂಳೆ ಕೊರೆದು ಹುರಿ ತೆಗೀತಾರೆ ಅಂತ ಯಾರೋ ಹೇಳಿದ್ದರು. ಬೆನ್ನುಹುರಿಗೆ ಯಾರೂ ಕೈ ಹಚ್ಚುವುದಿಲ್ಲ. ಅರಿವಳಿಕೆ ಕೊಟ್ಟು, ಸೊಂಟದ ಹಿಂಭಾಗದ ಮೂಳೆಯಿಂದ ಸೂಜಿಯಲ್ಲಿ ಮಜ್ಜೆ ಎಳೆದುಕೊಂಡರು. ನೋಡೋಕೆ ರಕ್ತದ ಹಾಗೇ ಇತ್ತು. ಒಂದು ವಾರ ಬಾವಿಕಟ್ಟೆಯಿಂದ ಜಾರಿ ಬಿದ್ದ ಹಾಗೆ ನೋವು. ಕೊಟ್ಟಿದ್ದು ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಂಡಿತು.

ಅತ್ತ ತಮ್ಮನಿಗೆ ಮೊದಲೇ ಔಷಧಿ ಕೊಟ್ಟು ಹಳೆಯ ರಕ್ಷಣಾ ಪಡೆಯನ್ನು ಅಡಗಿಸಿದ್ದರು. ಅದಕ್ಕೂ ಮುಂಚೆ, ಮುಂದೆ ಮಕ್ಕಳಾಗಲು ತೊಂದರೆ ಆಗಬಹುದು ಅಂತ ವೀರ್ಯ ಕಾಪಿಡುವ ವಿಷಯವನ್ನೂ ಮಾತಾಡಿದರು. ಮದುವೆಯಾಗದ ಹುಡುಗನ ಮುಂದೆ ಈ ಮಾತು ಎತ್ತಲು ನಮ್ಮ ಮನೆಗಳಲ್ಲಿ ನಾಚಿಕೆ. ನಾಚಿಕೆ ಬೇಡ, ಕೇಳಿ. ಆಮೇಲೆ ಕೇಳಿದರೆ ಸಮಯ ಮೀರಿರುತ್ತದೆ.

ನನ್ನ ಮಜ್ಜೆ ಅವನಿಗೆ ರಕ್ತ ಏರಿಸಿದ ಹಾಗೆ ಕೊಳವೆಯಲ್ಲಿ ಹೋಯಿತು, ಅಷ್ಟೇ. ಆಪರೇಷನ್ ಏನೂ ಇಲ್ಲ. ಆ ಜೀವಕಣಗಳು ರಕ್ತದಲ್ಲಿ ಹರಿದು ತಾವೇ ಮೂಳೆಯೊಳಗಿನ ಮನೆ ಹುಡುಕಿಕೊಂಡವು. ನನಗೆ ಇವತ್ತಿಗೂ ಅದು ಬೆರಗು. ಗಾಳಿ ಸೋಸಿ ಬಿಡುವ ಕೋಣೆಯಲ್ಲಿ ಅವನು, ಗಾಜಿನ ಈಚೆ ನಾನು, ಮಧ್ಯೆ ಫೋನು. ಹಸಿ ತರಕಾರಿ ಇಲ್ಲ, ಹೂವು ಇಲ್ಲ. ಅವನು ಕೇಳುತ್ತಿದ್ದದ್ದು ಒಂದೇ, ಹೆಸರುಬೇಳೆ ಕೋಸಂಬರಿ. 19ನೇ ದಿನ ಬಿಳಿ ಕಣ 500 ದಾಟಿತು, ನನ್ನ ಮಜ್ಜೆ ಅವನಲ್ಲಿ ಬೇರು ಬಿಟ್ಟಿತು ಅನ್ನುವ ಗುರುತು ಅದು. ನರ್ಸ್ ಸಿಸ್ಟರು ಚೀಟಿಯಲ್ಲಿ ಬರೆದು ಗಾಜಿಗೆ ಒತ್ತಿ ಹಿಡಿದರು.

ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ಸೋಂಕು ತಗಲಬಹುದು. ದಾನಿಯ ಕಣಗಳೇ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ಬೀಳಬಹುದು. ಅದನ್ನು ತಡೆಯಲು ತಮ್ಮ ತಿಂಗಳುಗಟ್ಟಲೆ ಸೈಕ್ಲೋಸ್ಪೋರಿನ್ ನುಂಗಿದ. ಆ ಮಾತ್ರೆಯ ಘಾಟು ಇಡೀ ಕೋಣೆಗೆ ಹರಡುತ್ತಿತ್ತು. ಕೈಗೂಸಿಗೆ ಹಾಕಿಸುವ ಲಸಿಕೆಗಳನ್ನು ಅವನಿಗೆ ಮತ್ತೆ ಮೊದಲಿನಿಂದ ಹಾಕಿಸಿದೆವು. ಅವನ ರಕ್ತದ ಗುಂಪು ಬಿ ಇತ್ತು, ಈಗ ನನ್ನ ಹಾಗೆ ಓ. ಅವನ ರಕ್ತದ ಬಿಳಿ ಕಣಗಳಲ್ಲಿ ಈಗ ಇರುವುದು ಹೆಣ್ಣಿನ ವರ್ಣತಂತು, ನನ್ನದು.

ಆದರೆ ಮನೆಯಲ್ಲಿ ಹೊಂದುವವರೇ ಇಲ್ಲದಿದ್ದರೆ? ಅರ್ಧ ಹೊಂದುವವರಿಂದಲೂ ಈಗ ಮಾಡುತ್ತಾರೆ. ಇಲ್ಲವೇ ನೋಂದಾಯಿಸಿಕೊಂಡ ಅಪರಿಚಿತ ದಾನಿಯನ್ನು ಹುಡುಕಬೇಕು. ಎಚ್‌ಎಲ್‌ಎ ಜನಾಂಗದ ಜೊತೆ ಬರುವಂಥದ್ದು. ನಮ್ಮವರಿಗೆ ಹೊಂದುವವರು ನಮ್ಮವರಲ್ಲೇ ಸಿಗುವುದು ಜಾಸ್ತಿ. ಜಗತ್ತಿನ ಪಟ್ಟಿಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ದಾನಿಗಳಿದ್ದಾರೆ. ಇಷ್ಟು ದೊಡ್ಡ ಭಾರತದವರು ಅದರಲ್ಲಿ ಕೆಲವೇ ಲಕ್ಷ. ಬೆಂಗಳೂರಿನ ಡಿಕೆಎಂಎಸ್, ಚೆನ್ನೈನ ದಾತ್ರಿ ಅನ್ನುವ ಸಂಸ್ಥೆಗಳು ದಾನಿಗಳ ಹೆಸರು ಬರೆಸಿಕೊಳ್ಳುವ ಕೆಲಸ ಮಾಡುತ್ತಿವೆ. 18 ತುಂಬಿದ ಆರೋಗ್ಯವಂತರು ಕೆನ್ನೆಯ ಒಳಗೆ ಹತ್ತಿ ಕಡ್ಡಿ ಸವರಿ ಕೊಟ್ಟರೆ ನೋಂದಣಿ ಆಗುತ್ತದೆ. ಮುಂದೆ ಕರೆ ಬಂದರೆ ಹೆಚ್ಚಿನವರು ಕೊಡುವುದು ತೋಳಿನ ರಕ್ತನಾಳದಿಂದಲೇ. ಮಜ್ಜೆಯ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಇಳಿಯಲು ಕೆಲವು ದಿನ ಇಂಜೆಕ್ಷನ್, ಆಮೇಲೆ ಅವನ್ನು ಬೇರ್ಪಡಿಸುವ ಯಂತ್ರದ ಪಕ್ಕ ಕೆಲವು ಗಂಟೆ.

ಕಾಲೇಜಿನ ಮಕ್ಕಳೇ, ನಿಮ್ಮಲ್ಲಿ ಒಂದು ಬೇಡಿಕೆ. ಹೆಸರು ಬರೆಸುವ ಮೊದಲು ಮನೆಯಲ್ಲಿ ಮಾತಾಡಿ. ಅಮ್ಮನಿಗೆ ಭಯವಿದ್ದರೆ ಅವರನ್ನೂ ಕರೆದುಕೊಂಡು ಹೋಗಿ ಕೇಳಿಸಿ. ಮನಸ್ಸಿಲ್ಲದಿದ್ದರೆ ಕರೆ ಬಂದ ದಿನವೇ ಬೇಡ ಅನ್ನಿ, ಯಾರೂ ಬೈಯುವುದಿಲ್ಲ. ಒಪ್ಪಿಕೊಂಡು ಕೊನೆಯ ವಾರ ಹಿಂದೆ ಸರಿಯಬೇಡಿ. ಅಷ್ಟು ಹೊತ್ತಿಗೆ ಆ ಕಡೆ ಗಾಜಿನ ಕೋಣೆಯಲ್ಲಿ ಯಾರದೋ ತಮ್ಮನಿಗೆ ಔಷಧಿ ಏರಿಸಿಯಾಗಿರುತ್ತದೆ. ಅವನ ಮೂಳೆಯೊಳಗೆ ಆಗ ಏನೂ ಉಳಿದಿರುವುದಿಲ್ಲ.

ನಮಸ್ಕಾರ.