ಕಪ್ಪಿನ ಅಡಿ ನೋಡಿ ಮಾರಾಯ್ರೇ

ನಮಸ್ಕಾರ. ಈಗ ಚಾ ಕುಡಿತಾ ರೇಡಿಯೋ ಕೇಳ್ತಾ ಇರೋರು ಒಂದು ಕೆಲಸ ಮಾಡಿ, ಕಪ್ಪು ಖಾಲಿಯಾದ ಮೇಲೆ ಅದನ್ನ ಮಗುಚಿ ಅಡಿ ನೋಡಿ. ಖಾಲಿಯಾದ ಮೇಲೆ ಅಂದೆ, ಆಮೇಲೆ ನನ್ನನ್ನ ಬೈಬೇಡಿ. ಹಳೇ ಟೀ ಸೆಟ್ಟಿನ ಹುಚ್ಚು ನನಗೆ ಹಿಡಿದದ್ದೇ ಆ ಅಡಿಯಿಂದ.

ನಮ್ಮ ತರವಾಡು ಮನೆ ಬದಿಯಡ್ಕದ ಹತ್ರ. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರ ನವೆಂಬರಲ್ಲಿ ಅಲ್ವಾ, ಅದಕ್ಕೆ ಮುಂಚೆ ನಾವು ಮದ್ರಾಸಿನವರು, ಜಾಗದ ತಕರಾರು ದೊಡ್ಡದಾಯ್ತು ಅಂದ್ರೆ ಮದ್ರಾಸ್ ಹೈಕೋರ್ಟಿಗೇ ಹೋಗ್ಬೇಕು. ಅಜ್ಜ ಹೋದ್ರು, ಕೇಸು ಸೋತ್ರು, ಬರುವಾಗ ಬೈಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಒಂದು ಪಿಂಗಾಣಿ ಟೀ ಸೆಟ್ ತಂದ್ರು. ಕೇಸು ಸೋತ ಮನುಷ್ಯನಿಗೆ ಟೀ ಸೆಟ್ ಎಂತಕ್ಕೆ ಅಂತ ಅಜ್ಜಿ ಕೊನೇವರೆಗೂ ಕೇಳ್ತಾ ಇದ್ರಂತೆ. ಅದು ಯಾವ ಕಾಲದಲ್ಲಿ ಅಂತ ಮಾತ್ರ ಮನೆಯಲ್ಲಿ ಒಬ್ಬೊಬ್ಬರದ್ದು ಒಂದೊಂದು ಲೆಕ್ಕ, ಮಾವ ಯುದ್ಧಕ್ಕೆ ಮುಂಚೆ ಅಂತ, ದೊಡ್ಡಮ್ಮ ನಾನು ಶಾಲೆಗೆ ಹೋಗುವಾಗ ಅಂತ. ಕೆಲವು ವರ್ಷದ ಹಿಂದೆ ಅಟ್ಟ ಕ್ಲೀನ್ ಮಾಡುವಾಗ ಆ ಸೆಟ್ಟಿನ ಐದು ಕಪ್ಪು ಸಿಕ್ಕಿತು, ಧೂಳು ಒರೆಸಿ ಮಗುಚಿ ನೋಡಿದ್ರೆ ಅಡಿಯಲ್ಲಿ ಸಣ್ಣ ಅಕ್ಷರ, ಮೇಡ್ ಇನ್ ಆಕ್ಯುಪೈಡ್ ಜಪಾನ್. ಜಪಾನ್ ಯುದ್ಧದಲ್ಲಿ ಸೋತು ಅಮೆರಿಕದವರ ಕೈಕೆಳಗೆ ಇದ್ದದ್ದು 1945ರಿಂದ 1952ರವರೆಗೆ, ಆ ಟೈಮಲ್ಲಿ ಹೊರದೇಶಕ್ಕೆ ಹೋಗುವ ಸಾಮಾನಿಗೆ ಹೀಗೆ ಮುದ್ರೆ ಹಾಕ್ತಿದ್ರು. ಅಲ್ಲಿಗೆ ಮಾವನ ಲೆಕ್ಕ ಬಿದ್ದುಹೋಯ್ತು. ಸೋತ ಅಜ್ಜ ತಂದದ್ದು ಸೋತ ದೇಶದ ಕಪ್ಪು.

ಅಡಿಯಲ್ಲಿ ಇಷ್ಟೆಲ್ಲ ಉಂಟಾ ಅಂತ ಅವತ್ತಿಂದ ಹುಡುಕ್ಲಿಕ್ಕೆ ಶುರು ಮಾಡಿದೆ. 1891ರಿಂದ ಅಮೆರಿಕಕ್ಕೆ ಬರುವ ಸಾಮಾನಿನ ಮೇಲೆ ಎಲ್ಲಿಂದ ಬಂತು ಅಂತ ದೇಶದ ಹೆಸರು ಇರ್ಲೇಬೇಕು ಅಂತ ಅಲ್ಲಿನವರು ಕಾನೂನು ಮಾಡಿದ್ರು, ಹಾಗಾಗಿ ಬರೀ ಇಂಗ್ಲೆಂಡ್ ಅಂತ ಇದ್ರೆ ಸಾಧಾರಣ ಅದರ ನಂತರದ್ದು, ಮೇಡ್ ಇನ್ ಇಂಗ್ಲೆಂಡ್ ಅಂತ ಪೂರ್ತಿ ಇದ್ರೆ ಹೆಚ್ಚಾಗಿ 1900ರ ಈಚಿನದ್ದು. ಜಪಾನಿನವರು ಮೊದಲು ತಮ್ಮ ಭಾಷೆಯಲ್ಲಿ ದೇಶಕ್ಕಿರುವ ಹೆಸರು ನಿಪ್ಪಾನ್ ಅಂತ ಹಾಕ್ತಿದ್ರು, 1921ರಲ್ಲಿ ಅಮೆರಿಕದವರು ಅದಾಗ್ಲಿಕ್ಕಿಲ್ಲ ಜಪಾನ್ ಅಂತಲೇ ಬರೀರಿ ಅಂದ್ರು. ಎರಡು ಕತ್ತಿ ಅಡ್ಡಡ್ಡ ಇದ್ರೆ ಅದು ಜರ್ಮನಿಯ ಮೈಸನ್, ಯುರೋಪಿನಲ್ಲಿ ಗಟ್ಟಿ ಪಿಂಗಾಣಿಯ ಮೊದಲ ಕಾರ್ಖಾನೆ, 1710ರದ್ದು. ಆದ್ರೆ ಆ ಕತ್ತಿಯನ್ನ ಕಾಪಿ ಹೊಡೆದವರು ಎಷ್ಟೋ ಜನ, ಗುಜರಿಯಲ್ಲಿ ಕತ್ತಿ ಕಂಡ ಕೂಡಲೇ ಕುಣೀಬೇಡಿ.

ನಾನೂ ಒಮ್ಮೆ ಕುಣಿದು ಬಿದ್ದವಳೇ. ಹೆಸರು ಬೇಡ, ಒಂದು ಆಂಟಿಕ್ ಅಂಗಡಿ, ಬ್ರಿಟಿಷ್ ಕಲೆಕ್ಟರನ ಬಂಗ್ಲೆಯದ್ದು ಚೇಚಿ, 150 ವರ್ಷ ಆಯ್ತು ಅಂತ ನೀಲಿ ಬಣ್ಣದಲ್ಲಿ ಚಿತ್ರ ಬಿಡಿಸಿದ ಸೆಟ್ ತೋರಿಸಿದ. ವಿಲೋ ಅಂತಾರೆ ಆ ಚಿತ್ರಕ್ಕೆ, ನೀವೂ ನೋಡಿರ್ತೀರಿ, ಬಾಗಿದ ಮರ, ಸೇತುವೆ ಮೇಲೆ ಮೂರು ಜನ, ಆಕಾಶದಲ್ಲಿ ಎರಡು ಹಕ್ಕಿ, ನೋಡಿದ್ರೆ ಪಕ್ಕಾ ಚೀನಾದ್ದು, ನಿಜ ಹೇಳಬೇಕಂದ್ರೆ 1790ರ ಸುಮಾರಿಗೆ ಚೀನಾದ ಚಿತ್ರ ನೋಡಿ ಇಂಗ್ಲೆಂಡಿನವರು ಮಾಡ್ಕೊಂಡ ಡಿಸೈನ್ ಅದು, ಇವತ್ತಿಗೂ ಮಾಡ್ತಾರೆ, ಹಾಗಾಗಿ ಚಿತ್ರ ನೋಡಿ ವಯಸ್ಸು ಹೇಳ್ಲಿಕ್ಕೆ ಆಗೋದಿಲ್ಲ. ನಾನು ಅಡ್ವಾನ್ಸ್ ಕೊಟ್ಟಾದ ಮೇಲೆ ಸಾಸರ್ ಮಗುಚಿದ್ದು. ಅಡಿಯಲ್ಲಿ ಚೆಂದಕ್ಕೆ ಬರೆದಿತ್ತು, ಮೈಕ್ರೋವೇವ್ ಸೇಫ್. ಕಲೆಕ್ಟರ್ ದೊರೆ ಅದ್ರಲ್ಲಿ ಎಂತ ಬಿಸಿ ಮಾಡಿದ್ನೋ.

ಆಂಟಿಕ್ ಅಂದ್ರೆ ಸಾಧಾರಣ 100 ವರ್ಷ ದಾಟಿದ್ದು. ನಮ್ಮ ದೇಶದ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲೂ ಹಾಗೇ ಉಂಟು, ಅಂಥದ್ದನ್ನ ಖಾಸಗಿಯವರು ದೇಶದ ಹೊರಗೆ ಕಳಿಸೋ ಹಾಗಿಲ್ಲ, ದುಬೈಯ ಮಗಳಿಗೆ ಅಜ್ಜಿಯ ಸೆಟ್ ಪಾರ್ಸೆಲ್ ಮಾಡುವ ಪ್ಲಾನ್ ಇದ್ರೆ ಒಮ್ಮೆ ಯೋಚನೆ ಮಾಡಿ. ಅದಕ್ಕಿಂತ ಚಿಕ್ಕ ಪ್ರಾಯದ್ದು ವಿಂಟೇಜ್, ಅದಕ್ಕೆ ಗಟ್ಟಿ ಲೆಕ್ಕ ಇಲ್ಲ, ಮಾರುವವನ ಬಾಯಿಗೆ ಬಂದಷ್ಟು.

ದುಬೈ ಅಂದಾಗ ನೆನಪಾಯ್ತು. ನಮ್ಮ ಉಪ್ಪಳ, ಕುಂಬಳೆ, ತಳಂಗರೆ ಕಡೆ ಗಲ್ಫಿನ ಮನೆಗಳಲ್ಲಿ ಶೋಕೇಸ್ ಒಳಗೆ ಹಾಲಿನಂಥ ಬಿಳಿ ಕಪ್ಪು, ಮೇಲೆ ಹೂವಿನ ಚಿತ್ರ, ಇರ್ತದಲ್ಲ? ಎಷ್ಟೋ ಜನ ಪಿಂಗಾಣಿ ಅಂತ ತಿಳ್ಕೊಂಡಿದ್ದಾರೆ, ಅದು ಗಾಜು, ಓಪಲ್ ಗ್ಲಾಸ್. ಅಡಿಯಲ್ಲಿ ಆರ್ಕೊಪಾಲ್ ಫ್ರಾನ್ಸ್ ಅಂತ ಅಚ್ಚು ಇದ್ರೆ ಫ್ರೆಂಚ್ ಮಾಲು, 1958ರಲ್ಲಿ ಶುರುವಾದದ್ದು. ಮೂವತ್ತು ವರ್ಷ ಬೀಗ ಹಾಕಿ ಇಟ್ಟು ಈಗ ಮನೆ ಒಡೆದು ಹೊಸತು ಕಟ್ಟುವಾಗ ಗುಜರಿಗೆ ಕೊಡ್ತಾರೆ, ನನಗೆ ಹೊಟ್ಟೆ ಉರೀತದೆ.

ಇನ್ನು ಬೋನ್ ಚೈನಾ. ಆ ಹೆಸರು ಸುಮ್ಮನೆ ಇಟ್ಟದ್ದಲ್ಲ, ದನದ ಎಲುಬು ಸುಟ್ಟ ಬೂದಿ ನಿಜವಾಗಿಯೂ ಹಾಕ್ತಾರೆ, ಇಂಗ್ಲೆಂಡಿನ ಸ್ಟೋಕ್‌ನಲ್ಲಿ ಸ್ಪೋಡ್ ಮನೆತನದವರು 1790ರ ದಶಕದಲ್ಲಿ ಪಕ್ಕಾ ಮಾಡಿದ ಹದ, ಸುಮಾರು ಅರ್ಧಭಾಗ ಬೂದಿಯೇ. ಅದ್ರಿಂದಲೇ ಅಷ್ಟು ತೆಳ್ಳಗಿದ್ರೂ ಬಲ, ಬೆಳಕಿಗೆ ಹಿಡಿದ್ರೆ ಆಚೆ ಬದಿಯ ಬೆರಳಿನ ನೆರಳು ಕಾಣ್ತದೆ. ನಾನು ಇದನ್ನ ದೊಡ್ಡಮ್ಮನಿಗೆ ಹೇಳಿದ್ದೇ ತಪ್ಪಾಯ್ತು. "ಎಲುಬಿನದ್ದನ್ನ ಅಡಿಗೆಕೋಣೆಗೆ ತಂದ್ಯಾ ನೀನು, ಜಗಲಿಯಲ್ಲೇ ಇಡು ಅದನ್ನ" ಅಂದ್ರು, ಈಗ್ಲೂ ಅದು ಜಗಲಿಯಲ್ಲೇ. ನಿಮ್ಮ ಮನೆಯಲ್ಲೂ ಹಾಗೆ ಮಡಿ ಮೈಲಿಗೆ ಉಂಟಾದ್ರೆ ಬರೀ ಪೋರ್ಸೆಲಿನ್ ಕೇಳಿ ತಗೊಳ್ಳಿ, ಅದಕ್ಕೆ ಎಲುಬು ಇಲ್ಲ.

ಹಳತು ತಗೊಳ್ಳುವಾಗ ಪಿಂಗಾಣಿ ಕಪ್ಪನ್ನ ಅಂಗೈಯಲ್ಲಿ ಇಟ್ಟು ಉಗುರಲ್ಲಿ ತಟ್ಟಿ, ಟಿಣ್ ಅಂತ ಎಳೆದು ಕೇಳಿದ್ರೆ ಸರಿ, ಟಕ್ ಅಂತ ಸತ್ತ ಸದ್ದು ಬಂದ್ರೆ ಎಲ್ಲೋ ಸೀಳಿದೆ, ಕಣ್ಣಿಗೆ ಕಾಣದಿದ್ರೂ. ಬಂಗಾರದ ಗೆರೆ ಇರೋದನ್ನ ಮೈಕ್ರೋವೇವಲ್ಲಿ ಇಡಬೇಡಿ, ಕಿಡಿ ಹಾರ್ತದೆ. ಮತ್ತೊಂದು, ಹಳೇ ಕಪ್ಪಿನ ಹೊಳಪಿನ ಲೇಪದಲ್ಲಿ, ಅಂದ್ರೆ ಗ್ಲೇಸ್‌ನಲ್ಲಿ, ಒಳಗಿನ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಉಂಟು, ಹುಳಿ ಮತ್ತೆ ಬಿಸಿ ಎರಡೂ ಸೇರಿದ್ರೆ ಅದು ಬಿಟ್ಕೊಳ್ತದೆ, ಅಂದ್ರೆ ನಮ್ಮ ಹಾಲಿಲ್ಲದೆ ನಿಂಬೆ ಹಿಂಡಿದ ಸುಲೈಮಾನಿ ಚಾಕ್ಕೆ ಹಳೇ ಬಣ್ಣದ ಕಪ್ಪು ಬೇಡವೇ ಬೇಡ.

ಟೀಪಾಟ್ ಹೊಸತು ತಗೊಳ್ಳೋರು ಕೊಕ್ಕಿನ ತುದಿ ಪಾಟಿನ ಬಾಯಿಯಷ್ಟು ಎತ್ತರಕ್ಕೆ ಉಂಟಾ ನೋಡಿ, ತಗ್ಗಿದ್ರೆ ತುಂಬುವ ಮೊದಲೇ ಕೊಕ್ಕಿಂದ ಚಾ ಸೋರ್ತದೆ. ಅದರ ಜೊತೆ ಇನ್ನೊಂದು ಮಾತು, ನಮ್ಮದು ಹಾಲು ಸಕ್ಕರೆ ಎಲ್ಲ ಹಾಕಿ ಕುದಿಸಿದ ಚಾ, ಟೀಪಾಟ್ ಇರೋದು ಬಿಸಿನೀರಲ್ಲಿ ಎಲೆ ನೆನೆಸ್ಲಿಕ್ಕೆ, ಅದಕ್ಕೇ ಕೊಕ್ಕಿನ ಬುಡದಲ್ಲಿ ಒಳಗೆ ಸಣ್ಣ ತೂತುಗಳು. ನಮ್ಮ ಚಾ ಹೊಯ್ದ್ರೆ ಕೆನೆ ಹೋಗಿ ಅಲ್ಲಿ ಕೂತ್ಕೊಳ್ತದೆ, ತೊಳೀಲಿಕ್ಕೆ ಕೈ ಹೋಗೋದಿಲ್ಲ, ವಾಸನೆ ಬೇರೆ. ಹಾಗಾಗಿ ಪಾಟ್, ಹಾಲಿನ ಜಗ್, ಸಕ್ಕರೆ ಬಟ್ಟಲು ಎಲ್ಲ ಸೇರಿ ಫುಲ್ ಸೆಟ್ಟೇ ಬೇಕು ಅಂತ ಹಠ ಮಾಡಿ ದುಡ್ಡು ಸುರಿಯೋದು ನಮಗೆ ಹೇಳಿದ್ದಲ್ಲ ಅಂತ ನನ್ನ ಅಭಿಪ್ರಾಯ. ನಾಲ್ಕು ಉಳಿದ ಸೆಟ್, ಜೋಡಿ ತಪ್ಪಿದ ಒಂಟಿ ಕಪ್ಪು, ಇಂಥದ್ದನ್ನ ಯಾರೂ ಕೇಳೋದಿಲ್ಲ, ಅಂಗಡಿಯವನೂ ಜಾಸ್ತಿ ಹೇಳೋದಿಲ್ಲ, ನಾನು ಅದನ್ನೇ ಹೆಕ್ಕೋದು.

ಈಗ ನಮ್ಮಲ್ಲಿಗೆ ಯಾರಾದ್ರೂ ಬಂದ್ರೆ ಟ್ರೇಯಲ್ಲಿ ಒಂದರ ಹಾಗೆ ಇನ್ನೊಂದು ಇರೋದಿಲ್ಲ, ಅಜ್ಜನ ಜಪಾನ್ ಒಂದು, ಆರ್ಕೊಪಾಲ್ ಒಂದು, ಮೊನ್ನೆ ತಗೊಂಡ ಮಣ್ಣುಬಣ್ಣದ ಸ್ಟೋನ್‌ವೇರ್ ಒಂದು. ಪಕ್ಕದ ಮನೆಯ ಮಾಸ್ಟ್ರು ಬಂದ್ರೆ ಆ ಮೈಕ್ರೋವೇವ್ ಸೇಫ್ ಕಲೆಕ್ಟರ್ ಕಪ್ಪನ್ನೇ ಎತ್ಕೊಳ್ತಾರೆ, ಅದ್ರಲ್ಲಿ ಚಾ ಜಾಸ್ತಿ ಹಿಡಿತದೆ ಅಂತ. ದೊಡ್ಡಮ್ಮನಿಗೆ ಮಾತ್ರ ಸ್ಟೀಲ್ ಲೋಟ.