ಅವರು ಬದುಕಿದ್ದಾರೆಂದು ಯಾರಿಗೆ ತೋರಿಸಬೇಕು?

ಆತ್ಮೀಯರೇ,

ಇಂದು ಸೆಪ್ಟೆಂಬರ್ 21, ವಿಶ್ವ ಅಲ್ಝೈಮರ್ ದಿನ. ಮರೆಗುಳಿ ಕಾಯಿಲೆ ಹೇಗಿರುತ್ತದೆಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಇಲ್ಲಿ ಕುಳಿತಿರುವ ಅನೇಕರು ಅದನ್ನು ಮನೆಯಲ್ಲೇ ಕಂಡವರು. ನಾನು ನವೆಂಬರ್ ತಿಂಗಳ ಬಗ್ಗೆ ಮಾತನಾಡಲು ಬಂದಿದ್ದೇನೆ. ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರತಿ ವರ್ಷ ಪ್ರಮಾಣಪತ್ರ ಕೊಡಬೇಕಾದ ತಿಂಗಳದು; ಅವರ ಮನೆಯವರಿಗೆ ಅಷ್ಟು ಹೇಳಿದರೆ ಸಾಕು.

ಮೇಷ್ಟರಾಗಿ ನಿವೃತ್ತರಾದ, ನಾವು ಅಣ್ಣ ಎಂದೇ ಕರೆಯುವ ನಮ್ಮ ತಂದೆಯವರು ಎರಡು ವರ್ಷಗಳ ಹಿಂದೆ, ತಾವು ಬದುಕಿರುವುದನ್ನು ಫೋನಿಗೆ ತೋರಿಸಬೇಕಾಯಿತು. ಸವೆದ ಬೆರಳುಗಳನ್ನು ಬೆರಳಚ್ಚಿನ ಯಂತ್ರ ಒಪ್ಪಲಿಲ್ಲವಾದ್ದರಿಂದ ಮುಖ ತೋರಿಸುವ ದಾರಿ ಹಿಡಿದೆವು. ಪರದೆಯಲ್ಲಿ ಅವರ ಮುಖ ಮೂಡಿತು. ಕಣ್ಣು ಮಿಟುಕಿಸಬೇಕೆಂಬ ಸೂಚನೆಯೂ ಬಂತು. "ಅಣ್ಣ, ಒಂದು ಸಲ ಕಣ್ಣು ಮುಚ್ಚಿ ತೆರೆಯಿರಿ" ಎಂದೆ. ಅವರು ಪರದೆಯನ್ನೇ ನೋಡುತ್ತಾ, "ಇವರು ಯಾರಮ್ಮ? ಕೂರಿಸು, ಕಾಫಿ ಕೊಡು" ಎಂದರು. ಬಂದವರಿಗೆ ಗೌರವ ಕೊಡಬೇಕೆಂದು ಎದ್ದೂ ನಿಂತರು. ಮುಖ ಚೌಕಟ್ಟಿನಿಂದ ಆಚೆ ಹೋಯಿತು, ಮತ್ತೆ ಮೊದಲಿನಿಂದ. ನಾಲ್ಕು ಸಲ ಹೀಗಾಯಿತು, ನಾಲ್ಕು ಸಲವೂ ಅವರು ಕಾಫಿ ಕೊಡಲು ಹೇಳಿದರು.

ನನ್ನ ತಕರಾರು ಇಷ್ಟೇ: ಕಾಯಿಲೆ ಯಾವ ಶಕ್ತಿಯನ್ನು ಕಸಿದುಕೊಂಡಿದೆಯೋ ಅದನ್ನೇ ಯಂತ್ರ ಬಾಗಿಲಲ್ಲಿ ಕೇಳುತ್ತದೆ. ಕೆಲವೇ ಕ್ಷಣಗಳಲ್ಲಿ ಒಟಿಪಿಯ ಆರು ಅಂಕಿಗಳನ್ನು ನೆನಪಿಟ್ಟು ಒತ್ತಬೇಕೆಂಬುದು, ಕಾಲಿಲ್ಲದವರಿಗೆ ಮೆಟ್ಟಿಲು ತೋರಿಸಿದ ಹಾಗೆ. ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ, ಇದೆಯೆಂದು ಸಂಶೋಧಕರು ಅಂದಾಜಿಸಿದ್ದಾರೆ. ಆಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿಹೀನರ ಅರ್ಜಿಗಳ ಮೇಲೆ 2025ರ ಏಪ್ರಿಲ್ 30ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. ಅಲ್ಲಿಯೂ ಪ್ರಶ್ನೆ ಕಣ್ಣು ಮಿಟುಕಿಸುವುದರದೇ ಆಗಿತ್ತು. ಸೂಚನೆಯೇ ಅರ್ಥವಾಗದವರಿಗೂ ಆ ಮಾತು ಸಲ್ಲಬೇಕು.

ಮಗಳೋ ಸೊಸೆಯೋ ಮಾಡಿಕೊಡುತ್ತಾರಲ್ಲ ಎನ್ನುತ್ತಾರೆ. ಮಾಡಿಕೊಡುತ್ತೇವೆ, ಪಿನ್ ಸಂಖ್ಯೆಯನ್ನು ಗುಟ್ಟಾಗಿ ಇಟ್ಟುಕೊಂಡು. ಅದರಿಂದ ಅವರ ಹಣದ ಮೇಲೆ ಅವರ ಮಾತೇ ಇಲ್ಲದಂತಾಗುತ್ತದೆ. ಹಣ ಕಸಿಯುವ ಬಂಧುವಿಗೂ ಅದೇ ದಾರಿ ತೆರೆದಿರುತ್ತದೆ. ನೆರವಾಗುವವರ ಹೆಸರು ಖಾತೆಯಲ್ಲೇ ದಾಖಲಾಗಲಿ, ಎಷ್ಟು ಹಣದವರೆಗೆ ಎಂಬ ಮಿತಿಯಿರಲಿ, ಪ್ರತಿ ಸಲವೂ ಹಿರಿಯರನ್ನು ಕೇಳುವ ಕ್ರಮವಿರಲಿ. ಕಾಯಿಲೆಯ ಮೊದಲ ಹಂತದಲ್ಲಿರುವವರು ತಮಗೇನು ಬೇಕೆಂದು ಚೆನ್ನಾಗಿಯೇ ಹೇಳಬಲ್ಲರು. ಆ್ಯಪ್ ಕಟ್ಟುವವರು ಅವರನ್ನು ಎದುರಿಗೆ ಕೂರಿಸಿಕೊಂಡು ಕೇಳಿದ್ದಾರೆಯೇ?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಕನ್ನಡದ ಧ್ವನಿ ಸೂಚನೆಗಳ ವಿಷಯವನ್ನು ಬಿಟ್ಟು, ಕಥೆಯನ್ನಷ್ಟೇ ಮುಗಿಸುತ್ತೇನೆ. 70 ದಾಟಿದವರ ಮನೆಬಾಗಿಲಿಗೆ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ಸುತ್ತೋಲೆಯನ್ನು ಹಿಡಿದು ನಾನು ಶಾಖೆಗೆ ಮೂರು ಸಲ ಅಲೆದ ಮೇಲೆ ಒಬ್ಬ ಹುಡುಗ ಮನೆಗೆ ಬಂದ. ಅಣ್ಣ ಅವನನ್ನು ತಮ್ಮ ಹಳೆಯ ವಿದ್ಯಾರ್ಥಿಯೆಂದುಕೊಂಡು ಮಗ್ಗಿ ಕೇಳಿದರು. ಅವನು ತಾಳ್ಮೆಯಿಂದ ಹದಿಮೂರರ ಮಗ್ಗಿ ಒಪ್ಪಿಸಿ, ಕಾಗದ ಮುಂದಿಟ್ಟ. ಅವರು ಪೆನ್ನು ತೆಗೆದುಕೊಂಡು, ನಲವತ್ತು ವರ್ಷ ಹಾಜರಿ ಪುಸ್ತಕದಲ್ಲಿ ಹಾಕುತ್ತಿದ್ದ ಅದೇ ದುಂಡನೆಯ ಸಹಿಯನ್ನು ಒಂದೇ ಸಲಕ್ಕೆ ಹಾಕಿದರು.